ಫಿಸಿಕ್ಸ್‌ನಲ್ಲಿ ಯಾವುದು ಬರುತ್ತೆ? ‘ಫಿಕ್ಸ್ ಪ್ರಶ್ನೆ’ ಪಟ್ಟಿ ಹಿಡಿದು ಬಂದ ವಿದ್ಯಾರ್ಥಿನಿಯ ಪ್ರಕರಣ

ಇದು ದ್ವಿತೀಯ ಪಿಯು ಓದುತ್ತಿದ್ದ ಒಬ್ಬ ಹುಡುಗಿಯ ಪ್ರಕರಣ. ಮನೆ ಆನಗೋಡಿನ ಕಡೆ, ಕಾಲೇಜು ದಾವಣಗೆರೆಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ವಿಜ್ಞಾನ ವಿಭಾಗ. ಪ್ರಿಪರೇಟರಿಯಲ್ಲಿ, ಅಂದರೆ ಬೋರ್ಡ್ ಪರೀಕ್ಷೆಗೆ ಮುಂಚಿನ ತಯಾರಿ ಪರೀಕ್ಷೆಯಲ್ಲಿ, ಫಿಸಿಕ್ಸ್ ಥಿಯರಿಗೆ 70ಕ್ಕೆ 29 ಬಂದಿತ್ತು. ಪಾಸಾಗುವುದೇ ಗುರಿಯಾಗಿದ್ದರೆ ಗಾಬರಿ ಬೇಕಿರಲಿಲ್ಲ. ಆದರೆ ಅವಳಿಗೆ ಎಂಜಿನಿಯರಿಂಗ್ ಸೀಟು ಬೇಕಿತ್ತು. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಕಟ್ಟುವಾಗ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕ ಅರ್ಧ, ಪಿಯುವಿನ ಭೌತ, ರಸಾಯನ, ಗಣಿತದ ಅಂಕ ಅರ್ಧ ಲೆಕ್ಕಕ್ಕೆ ಬರುತ್ತದೆ. ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ.

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಪ್ರಿಪರೇಟರಿ ಮುಗಿದ ಮೇಲೆ ಅವಳು ಒಂದು ಜೆರಾಕ್ಸ್ ಕಟ್ಟು ಹಿಡಿದುಕೊಂಡು ಬಂದಳು. ಮೇಲೆ ದೊಡ್ಡ ಅಕ್ಷರದಲ್ಲಿ ‘ಫಿಕ್ಸ್ ಪ್ರಶ್ನೆಗಳು’ ಅಂತ ಇತ್ತು. “ಸರ್, ಇದ್ರಾಗೆ ಇರೋದಷ್ಟೇ ಓದಿದ್ರೆ ಸಾಕಂತೆ. ಹೋದ ವರ್ಷ ಮುಕ್ಕಾಲು ಪೇಪರ್ ಇದರಿಂದಲೇ ಬಂದಿತ್ತಂತೆ. ಉಳಿದ ಚಾಪ್ಟರ್ ಬಿಟ್ಟುಬಿಡ್ಲಾ?” ಎಂದು ಕೇಳಿದಳು. ಜೊತೆಗೆ ಬಂದಿದ್ದ ಅವರಪ್ಪ ಮೆಕ್ಕೆಜೋಳ ಬೆಳೆಯುವವರು. ಕಟ್ಟನ್ನು ತಿರುವಿ ನೋಡಿ, “ಬೀಜದ ಅಂಗಡಿಯವ್ರೂ ಚೀಲದ ಮೇಲೆ ಹಿಂಗೇ ಬರೆದಿರ್ತಾರೆ ಸರ್, ಎಕರೆಗೆ ಇಷ್ಟು ಕ್ವಿಂಟಾಲ್ ಪಕ್ಕಾ ಅಂತ” ಎಂದರು. ಅವರ ಅನುಮಾನ ಸರಿಯಾದ ಜಾಗದಲ್ಲೇ ಇತ್ತು. ಆದರೆ ಅನುಮಾನ ಇದ್ದರೆ ಸಾಲದು, ಪರೀಕ್ಷಿಸಿ ನೋಡಬೇಕು. ಅದನ್ನೇ ಮಾಡಿದೆವು.

ಅದಕ್ಕೆ ಮೊದಲು ಪ್ರಶ್ನೆಪತ್ರಿಕೆಯ ಮೈಕಟ್ಟು ಗೊತ್ತಿರಬೇಕು. ಅವಳು ಬರೆದ ಮಾದರಿಯಲ್ಲಿ ಎ ಭಾಗಕ್ಕೆ 20 ಅಂಕ: 15 ಬಹು ಆಯ್ಕೆ, 5 ಬಿಟ್ಟ ಸ್ಥಳ. ಇಲ್ಲಿ ಚಾಯ್ಸ್ ಇಲ್ಲ, ಎಲ್ಲವನ್ನೂ ಬರೆಯಬೇಕು. ಬಿ ಭಾಗದಲ್ಲಿ ಎರಡು ಅಂಕದ 8 ಪ್ರಶ್ನೆ, ಬರೆಯುವುದು 5. ಸಿ ಭಾಗದಲ್ಲಿ ಮೂರು ಅಂಕದ 8 ಪ್ರಶ್ನೆ, ಬರೆಯುವುದು 5. ಡಿ ಭಾಗದಲ್ಲಿ ಐದು ಅಂಕದ ದೊಡ್ಡ ಪ್ರಶ್ನೆ 5, ಬರೆಯುವುದು 3. ಜೊತೆಗೆ ಐದು ಅಂಕದ ಪ್ರಾಬ್ಲಂ 4, ಮಾಡುವುದು 2. ಎಲ್ಲ ಕೂಡಿದರೆ ಪತ್ರಿಕೆಯಲ್ಲಿ 105 ಅಂಕದ ಪ್ರಶ್ನೆ ಇರುತ್ತದೆ. ವಿದ್ಯಾರ್ಥಿ ಉತ್ತರಿಸುವುದು 70 ಅಂಕಕ್ಕೆ.

‘ಚಾಯ್ಸ್‌ನಲ್ಲಿ ಬಿಡೋದು’ ಅಂತ ಮಕ್ಕಳು ಹೇಳುವುದು ಈ ನಡುವಿನ 35 ಅಂಕವನ್ನು ನಂಬಿಕೊಂಡೇ. ತಪ್ಪೇನಲ್ಲ. ಆದರೆ ಆ 35 ಅಂಕದ ಸಡಿಲ ಎಲ್ಲ ಕಡೆ ಒಂದೇ ಥರ ಹರಡಿಲ್ಲ. ಎ ಭಾಗದಲ್ಲಿ ಒಂದು ಅಂಕವೂ ಸಡಿಲ ಇಲ್ಲ. ಮೂರನೇ ಒಂದಕ್ಕಿಂತ ಸ್ವಲ್ಪ ಕಡಿಮೆ ತೂಕದ ಆ ಭಾಗಕ್ಕೆ 14 ಅಧ್ಯಾಯಗಳಲ್ಲಿ ಯಾವುದರಿಂದಲೂ ಪ್ರಶ್ನೆ ಬರಬಹುದು. ಒಂದು ಅಧ್ಯಾಯವನ್ನು ಪೂರ್ತಿ ಬಿಟ್ಟವರು ಅಲ್ಲಿ ಊಹಿಸಿ ಟಿಕ್ ಹಾಕಬೇಕು, ನಾಲ್ಕು ಆಯ್ಕೆಯಲ್ಲಿ ಒಂದು.

ಇನ್ನೊಂದು ಗೊತ್ತಿರಬೇಕಾದ್ದು ಬ್ಲೂಪ್ರಿಂಟ್. ಯಾವ ಅಧ್ಯಾಯಕ್ಕೆ ಎಷ್ಟು ಪಾಠದ ಗಂಟೆ ಕೊಟ್ಟಿದ್ದಾರೋ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಅಂಕವೂ ಹಂಚಿರುತ್ತದೆ. ಕರೆಂಟ್ ಎಲೆಕ್ಟ್ರಿಸಿಟಿಗೆ ಜಾಸ್ತಿ, ಎಲೆಕ್ಟ್ರೋಮ್ಯಾಗ್ನೆಟಿಕ್ ವೇವ್ಸ್‌ಗೆ ತೀರಾ ಕಡಿಮೆ. ಇದು ಗುಟ್ಟಲ್ಲ. ಯಾರ ಹತ್ತಿರವೂ ದುಡ್ಡು ಕೊಟ್ಟು ಕೇಳಬೇಕಾದ್ದೂ ಅಲ್ಲ. ಫಿಸಿಕ್ಸ್ ಪರೀಕ್ಷೆಯಲ್ಲಿ ನಿಜವಾಗಿ ಮೊದಲೇ ಹೇಳಬಹುದಾದದ್ದು ಈ ಮೈಕಟ್ಟು ಮಾತ್ರ ಅಂತ ನನ್ನ ತೀರ್ಮಾನ. ಯಾವ ಪ್ರಶ್ನೆ ಅಂತ ಹೇಳಲಾಗದು. ಯಾವ ಜಾಗದಲ್ಲಿ ಯಾವ ಬಗೆಯ ಪ್ರಶ್ನೆ ಅಂತ ಸುಮಾರಾಗಿ ಹೇಳಬಹುದು.

ಈಗ ಪಟ್ಟಿಗೆ ಬರೋಣ.

ಹುಡುಗಿಯ ಕೈಗೇ ಕೆಂಪು ಪೆನ್ನು ಕೊಟ್ಟೆ. ಹಿಂದಿನ ವರ್ಷಗಳ ಬೋರ್ಡ್ ಪತ್ರಿಕೆ ಮುಂದಿಟ್ಟು, ಪಟ್ಟಿಯಲ್ಲಿರುವ ಪ್ರಶ್ನೆ ಪತ್ರಿಕೆಯಲ್ಲಿ ಬಂದಿದ್ದರೆ ಗುರುತು ಹಾಕು ಎಂದೆ. ಮೊದಲ ಪತ್ರಿಕೆಯಲ್ಲಿ ಗುರುತುಗಳು ಚೆನ್ನಾಗಿಯೇ ಬಿದ್ದವು. ಅವಳ ಮುಖ ಅರಳಿತು. ಆಮೇಲೆ ಇನ್ನೊಂದು ಕೆಲಸ ಹೇಳಿದೆ: ಪಟ್ಟಿಯಲ್ಲಿ ಒಟ್ಟು ಎಷ್ಟು ಪ್ರಶ್ನೆ ಇದೆ, ಅದರಲ್ಲಿ ಎಷ್ಟು ಬಂತು ಅಂತಲೂ ಲೆಕ್ಕ ಹಾಕು. ಆಗ ಚಿತ್ರ ಬದಲಾಯಿತು. ಡೆರಿವೇಷನ್, ಅಂದರೆ ಸೂತ್ರವನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸುವ ವಿಭಾಗದಲ್ಲಿ ಪುಸ್ತಕದ ಮುಖ್ಯ ಡೆರಿವೇಷನ್‌ಗಳು ಬಹುಪಾಲು ಪಟ್ಟಿಯಲ್ಲೇ ಇದ್ದವು. ಹಾಗಿದ್ದ ಮೇಲೆ ಬರದೇ ಇರುತ್ತದೆಯೇ? ಇಡೀ ಪುಸ್ತಕವನ್ನೇ ‘ಫಿಕ್ಸ್’ ಅಂತ ಕರೆದರೆ ನೂರಕ್ಕೆ ನೂರು ಸರಿ ಹೋಗುತ್ತದೆ. ಪಟ್ಟಿ ಸರಿಯೋ ತಪ್ಪೋ ಅಂತ ನೋಡಬೇಕಾದರೆ ಬಂದದ್ದನ್ನು ಮಾತ್ರ ಎಣಿಸಬಾರದು. ಹೇಳಿ ಬರದೇ ಹೋದದ್ದು, ಬಂದರೂ ಹೇಳದೇ ಇದ್ದದ್ದು, ಎರಡನ್ನೂ ಎಣಿಸಬೇಕು. ‘ಹೋದ ವರ್ಷ ಮುಕ್ಕಾಲು ಬಂತು’ ಅನ್ನುವ ಮಾತಿನಲ್ಲಿ ಈ ಎರಡೂ ಕಾಣೆಯಾಗಿರುತ್ತವೆ.

ಅದಕ್ಕಿಂತ ದೊಡ್ಡ ತೊಂದರೆ ಆಮೇಲೆ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಪೊಟೆನ್ಷಿಯೋಮೀಟರ್ ಇತ್ತು. ಮೀಟರ್ ಬ್ರಿಡ್ಜ್ ಇತ್ತು. ಸೈಕ್ಲೋಟ್ರಾನ್, ರೇಡಿಯೋಆಕ್ಟಿವ್ ಡಿಕೇ ನಿಯಮ, ಜೀನರ್ ಡಯೋಡ್, ಲಾಜಿಕ್ ಗೇಟ್, ಕೊನೆಗೆ ಕಮ್ಯುನಿಕೇಷನ್ ಸಿಸ್ಟಮ್ಸ್ ಕೂಡ. ಇವೆಲ್ಲ ಪಠ್ಯಪುಸ್ತಕ ತಯಾರಿಸುವ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿದಾಗ ಥಿಯರಿ ಪುಸ್ತಕದಿಂದ ಹೋದ ಭಾಗಗಳು. ಕಮ್ಯುನಿಕೇಷನ್ ಸಿಸ್ಟಮ್ಸ್ ಅಂತೂ ಇಡೀ ಅಧ್ಯಾಯವೇ ಹೋಯಿತು. 15 ಇದ್ದದ್ದು 14 ಆಯಿತು. ಹಳೆಯ ಪತ್ರಿಕೆಗಳನ್ನು ರಾಶಿ ಹಾಕಿ, ಜಾಸ್ತಿ ಸಲ ಬಂದದ್ದನ್ನು ಆರಿಸಿ ಯಾರೋ ಈ ಪಟ್ಟಿ ಮಾಡಿದ್ದರು. ‘ಹತ್ತು ವರ್ಷದ ಪ್ರಶ್ನೆಪತ್ರಿಕೆ ವಿಶ್ಲೇಷಣೆ’ ಅನ್ನುವುದು ಕೇಳಲು ಚೆಂದ. ಆದರೆ ನಡುವೆ ಪಠ್ಯವೇ ಬದಲಾಗಿದ್ದರೆ ಆ ಹತ್ತು ವರ್ಷ ಒಂದೇ ಪರೀಕ್ಷೆಯ ಹತ್ತು ವರ್ಷ ಅಲ್ಲ. ಪೊಟೆನ್ಷಿಯೋಮೀಟರ್ ಮೇಲೆ ಈ ಹುಡುಗಿ ಎರಡು ಸಂಜೆ ಕಳೆದಿದ್ದಳು. ನನಗೆ ನಿಜಕ್ಕೂ ಬೇಸರವಾದದ್ದು ಅದಕ್ಕೆ. ಬಸ್ಸಿನಲ್ಲಿ ಓಡಾಡಿ, ಮನೆಯ ಕೆಲಸವನ್ನೂ ಮಾಡಿ ಉಳಿಸಿಕೊಂಡ ಸಂಜೆಗಳು ಅವು.

ಪಠ್ಯ ಕಡಿತದ ಗೊಂದಲ ಮಕ್ಕಳಿಗೆ ಮಾತ್ರ ಆದದ್ದಲ್ಲ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯದಿಂದ ಹೊರಗಿನ ಪ್ರಶ್ನೆಗಳು ಬಂದು ರಾಜ್ಯವೆಲ್ಲ ಗದ್ದಲವಾಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಹಾಗಿರುವಾಗ ಜೆರಾಕ್ಸ್ ಪಟ್ಟಿ ಮಾಡಿದವರು ಹೊಸ ಪುಸ್ತಕದ ಜೊತೆ ತಾಳೆ ನೋಡಿರುತ್ತಾರೆ ಅಂತ ನಂಬುವುದು ಹೇಗೆ?

ಪಟ್ಟಿಯ ಮೂರನೇ ಕೊರತೆ ಎ ಭಾಗ. ಆ 20 ಅಂಕಕ್ಕೆ ಅದರಲ್ಲಿ ಏನೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಡೆರಿವೇಷನ್ ಹೆಸರನ್ನು ಒಂದು ಸಾಲಿನಲ್ಲಿ ಬರೆಯಬಹುದು, ಬಹು ಆಯ್ಕೆ ಪ್ರಶ್ನೆಯನ್ನು ಹಾಗೆ ಬರೆಯಲಾಗದು. ಹುಡುಗಿಯ ಪ್ರಿಪರೇಟರಿ ಉತ್ತರಪತ್ರಿಕೆ ತೆಗೆದು ನೋಡಿದರೆ ಎ ಭಾಗದಲ್ಲಿ 20ಕ್ಕೆ 9. ಬಿ ಭಾಗದಲ್ಲಿ 5, ಸಿ ಭಾಗದಲ್ಲಿ 6, ಡಿ ಭಾಗದ ದೊಡ್ಡ ಪ್ರಶ್ನೆಗಳಲ್ಲಿ 7, ಪ್ರಾಬ್ಲಂನಲ್ಲಿ 2. ಅಂಕ ಅತಿ ಹೆಚ್ಚು ಸೋರಿದ್ದು ಎ ಭಾಗದಲ್ಲಿ. ಪಟ್ಟಿ ಮುಟ್ಟದೇ ಇದ್ದದ್ದೂ ಅದನ್ನೇ.

ಈ ಹಂತದಲ್ಲಿ ಅವಳು ಕೇಳಿದ ಪ್ರಶ್ನೆ ಒಳ್ಳೆಯದಾಗಿತ್ತು. “ಸರ್, ಎಲ್ಲ ಡೆರಿವೇಷನ್ ಓದೋಕೆ ಟೈಮ್ ಇಲ್ಲ. ಅರ್ಧ ಓದಿದ್ರೆ ಸಾಕಲ್ವಾ? ಐದರಲ್ಲಿ ಮೂರು ತಾನೇ ಬರೆಯೋದು?”

ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಲೆಕ್ಕ ಹಾಕೋಣ ಎಂದೆ. ಐದು ಅಂಕಕ್ಕೆ ಬರಬಹುದಾದ ಡೆರಿವೇಷನ್ 30 ಇವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 5 ಪತ್ರಿಕೆಗೆ ಬರುತ್ತವೆ. ಚೀಟಿ ಎತ್ತಿದ ಹಾಗೆ ಬರುತ್ತವೆ ಅಂತಲೇ ಸದ್ಯಕ್ಕೆ ಅಂದುಕೊಳ್ಳೋಣ. ನಮಗೆ ಗೊತ್ತಿರುವವು ಕಡೇಪಕ್ಷ 3 ಬರಬೇಕು. 10 ಮಾತ್ರ ಓದಿದ್ದರೆ ಹಾಗಾಗುವ ಸಾಧ್ಯತೆ ನೂರಕ್ಕೆ 19. ಅರ್ಧ, ಅಂದರೆ 15 ಓದಿದ್ದರೆ ಸರಿಯಾಗಿ 50. 20 ಓದಿದ್ದರೆ 81. 25 ಓದಿದ್ದರೆ 98. ಗಣಿತದಲ್ಲಿ ಕಾಂಬಿನೇಷನ್ಸ್ ಓದಿದ್ದ ಹುಡುಗಿ ಅದು. ತಾನೇ ಕೂತು ಮಾಡಿ ನೋಡಿದಳು, ಸರಿಯಾಗಿ ಬಂತು.

ಈ ನಾಲ್ಕು ಅಂಕಿ ನನಗೆ ಈ ಪ್ರಕರಣದ ಹೃದಯ ಇದ್ದ ಹಾಗೆ. ಅರ್ಧ ಓದಿದರೆ ಐದರಲ್ಲಿ ಮೂರು ಸಿಕ್ಕೇ ಸಿಗುತ್ತವೆ ಅಂತ ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದು ಬೇರೆ: ಅರ್ಧ ಓದಿದವರಿಗೆ ಸಿಗುವುದು ನಾಣ್ಯ ಚಿಮ್ಮಿದಷ್ಟೇ ಭರವಸೆ. ಅದರ ಮೇಲೆ ಐದೇ ಐದು ಸೇರಿಸಿದರೆ ಭರವಸೆ ಒಮ್ಮೆಲೇ 81ಕ್ಕೆ ಏರುತ್ತದೆ. ‘ಯಾವ 15 ಬರುತ್ತೆ’ ಅಂತ ಹುಡುಕಾಡುವ ಸಮಯದಲ್ಲಿ ಇನ್ನೈದು ಕಲಿತರೆ ಲಾಭ ಜಾಸ್ತಿ. ಇಷ್ಟನ್ನು ಒಬ್ಬ ವಿದ್ಯಾರ್ಥಿಗೆ ಅವರ ಕೈಯಿಂದಲೇ ಲೆಕ್ಕ ಮಾಡಿಸಿ ತೋರಿಸಿದರೆ, ಪಟ್ಟಿ ನಂಬಬೇಡಿ ಅಂತ ಹತ್ತು ಸಲ ಬೈಯುವ ಅಗತ್ಯ ಇರುವುದಿಲ್ಲ.

ನಿಜವಾದ ಪತ್ರಿಕೆ ಚೀಟಿ ಎತ್ತಿದ ಹಾಗೆ ಇರುವುದಿಲ್ಲ ಅನ್ನುವುದೂ ಸರಿ. ಬ್ಲೂಪ್ರಿಂಟ್ ಇರುವುದರಿಂದ ಐದೂ ದೊಡ್ಡ ಪ್ರಶ್ನೆ ಒಂದೇ ಅಧ್ಯಾಯದಿಂದ ಬರುವಂತಿಲ್ಲ, ಹರಡಿಯೇ ಬರಬೇಕು. ಇದು ನಮಗೆ ಅನುಕೂಲ. ಎಲೆಕ್ಟ್ರೋಸ್ಟ್ಯಾಟಿಕ್ಸ್, ಕರೆಂಟ್, ಮ್ಯಾಗ್ನೆಟಿಸಂ, ಆಪ್ಟಿಕ್ಸ್, ಪರಮಾಣು ಮತ್ತು ಸೆಮಿಕಂಡಕ್ಟರ್ ಎಂದು ಪುಸ್ತಕವನ್ನು ಗುಂಪು ಮಾಡಿಕೊಂಡು, ಯಾವುದಾದರೂ ಮೂರು ಗುಂಪನ್ನು ಒಂದೂ ಬಿಡದೆ ಪೂರ್ತಿ ಕಲಿತವರು, ಐದು ಗುಂಪಿನಲ್ಲೂ ಒಂದೊಂದು ‘ಇಂಪಾರ್ಟೆಂಟ್’ ಆರಿಸಿ ಕಲಿತವರಿಗಿಂತ ಗಟ್ಟಿ ನೆಲದಲ್ಲಿರುತ್ತಾರೆ. ಮಕ್ಕಳು ಸಾಮಾನ್ಯವಾಗಿ ಮಾಡುವುದು ಎರಡನೆಯದನ್ನು.

ಹಾಗಾಗಿ ಪಟ್ಟಿಯನ್ನು ಎಸೆಯಲಿಲ್ಲ. ಪಠ್ಯದಲ್ಲಿ ಇಲ್ಲದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ಓದುವ ಕ್ರಮ ಕಟ್ಟಿಕೊಳ್ಳಲು ಬಳಸಿದೆವು. ಯಾವುದನ್ನು ಬಿಡಬೇಕು ಅನ್ನುವುದಕ್ಕಲ್ಲ, ಯಾವುದನ್ನು ಮೊದಲು ಓದಬೇಕು ಅನ್ನುವುದಕ್ಕೆ ಮಾತ್ರ. ಕರೆಂಟ್ ಎಲೆಕ್ಟ್ರಿಸಿಟಿ ಮೊದಲು ಬಂತು, ತೂಕವೂ ಜಾಸ್ತಿ, ಪ್ರಾಬ್ಲಂ ಕೂಡ ಸಿಗುತ್ತದೆ. ಆಮೇಲೆ ಎಲೆಕ್ಟ್ರೋಸ್ಟ್ಯಾಟಿಕ್ಸ್‌ನ ಎರಡು ಅಧ್ಯಾಯ, ಆಮೇಲೆ ರೇ ಮತ್ತು ವೇವ್ ಆಪ್ಟಿಕ್ಸ್. ಸೆಮಿಕಂಡಕ್ಟರ್ ಓದಲು ಸುಲಭ. ಕಡಿತದ ಮೇಲೆ ಚಿಕ್ಕದೂ ಆಗಿದೆ. ಅದನ್ನು ಬಸ್ಸಿನ ಓದಿಗೆ ಇಟ್ಟೆವು.

ಎ ಭಾಗಕ್ಕೆ ಬೇರೆ ದಾರಿ ಹಿಡಿದೆವು. ಒಂದು ಅಧ್ಯಾಯ ಮುಗಿದ ದಿನ ಪುಸ್ತಕ ಮುಚ್ಚಿ, ಅದರ ಸೂತ್ರ, ಯೂನಿಟ್, ಯಾವುದು ವೆಕ್ಟರ್ ಯಾವುದು ಸ್ಕೇಲಾರ್, ಯಾವುದು ಹೆಚ್ಚಾದರೆ ಯಾವುದು ಕಡಿಮೆ, ಇಷ್ಟನ್ನು ಒಂದು ಪುಟದಲ್ಲಿ ನೆನಪಿನಿಂದ ಬರೆಯಬೇಕು. ಆಮೇಲೆ ಪುಸ್ತಕ ತೆಗೆದು ತಿದ್ದಬೇಕು. ಬಹು ಆಯ್ಕೆ ಪ್ರಶ್ನೆ ಹುಟ್ಟುವುದೇ ಇಂಥ ಕಡೆ. ತಾಪ ಏರಿದರೆ ಲೋಹದ ರೆಸಿಸ್ಟಿವಿಟಿ ಏರುತ್ತದೆ, ಸೆಮಿಕಂಡಕ್ಟರ್‌ನದು ಇಳಿಯುತ್ತದೆ. ಇದನ್ನು ಯಾವ ಪಟ್ಟಿಯೂ ‘ಫಿಕ್ಸ್’ ಅನ್ನುವುದಿಲ್ಲ. ಆದರೆ ಕೇಳಲು ಇದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ.

ಪ್ರಾಬ್ಲಂ ವಿಷಯದಲ್ಲಿ ಪಟ್ಟಿ ಅತಿ ಹೆಚ್ಚು ದಾರಿ ತಪ್ಪಿಸಿತ್ತು. ‘ಈ ಲೆಕ್ಕ ಗ್ಯಾರಂಟಿ’ ಅಂತ ಅಂಕಿಗಳ ಸಮೇತ ಕೊಟ್ಟಿದ್ದರು. ಹುಡುಗಿ ಅದನ್ನು ಉತ್ತರದ ಸಮೇತ ಬಾಯಿಪಾಠ ಮಾಡಿದ್ದಳು. ಯಂಗ್‌ನ ಡಬಲ್ ಸ್ಲಿಟ್ ಲೆಕ್ಕ ಅದರಲ್ಲಿ ಒಂದು. ತರಂಗದೂರ 600 ನ್ಯಾನೋಮೀಟರ್, ಸೀಳುಗಳ ನಡುವೆ 1 ಮಿಲಿಮೀಟರ್, ಪರದೆ 1 ಮೀಟರ್ ದೂರ. ಪರದೆಯ ಮೇಲೆ ಮೂಡುವ ಬೆಳಕಿನ ಪಟ್ಟೆಯ ಅಗಲ 0.6 ಮಿಲಿಮೀಟರ್. ಇದನ್ನು ತಟ್ಟಂತ ಹೇಳಿದಳು. ಇದೇ ಏರ್ಪಾಡನ್ನು ನೀರಿನಲ್ಲಿ ಮುಳುಗಿಸಿದರೆ? ಸುಮ್ಮನಾದಳು. ನೀರಿನಲ್ಲಿ ತರಂಗದೂರ 1.33 ಪಟ್ಟು ಕಡಿಮೆಯಾಗುತ್ತದೆ, ಪಟ್ಟೆಯೂ ಅಷ್ಟೇ ಕಿರಿದಾಗಿ 0.45 ಮಿಲಿಮೀಟರ್ ಆಗುತ್ತದೆ. ಹೊಸ ಸೂತ್ರ ಏನೂ ಬೇಕಿಲ್ಲ. ಆದರೆ ಉತ್ತರ ಬಾಯಿಪಾಠ ಮಾಡಿದವರಿಗೆ ಇದು ಹೊಸ ಪ್ರಶ್ನೆ, ಕಾರಣ ಗೊತ್ತಿದ್ದವರಿಗೆ ಹಳೆಯದೇ.

ಎಸಿ ಸರ್ಕ್ಯೂಟ್‌ನಲ್ಲೂ ಅಷ್ಟೇ. 220 ವೋಲ್ಟ್, ರೆಸಿಸ್ಟೆನ್ಸ್ 30 ಓಮ್, ಇಂಡಕ್ಟಿವ್ ರಿಯಾಕ್ಟೆನ್ಸ್ 80, ಕೆಪ್ಯಾಸಿಟಿವ್ 40. ಇಂಪೀಡೆನ್ಸ್ 50 ಓಮ್, ಕರೆಂಟ್ 4.4 ಆಂಪಿಯರ್, ಪವರ್ ಫ್ಯಾಕ್ಟರ್ 0.6. ಈ ಒಂದೇ ಸರ್ಕ್ಯೂಟ್‌ನಿಂದ ಅವಳೇ ಬೇರೆ ಬೇರೆ ಪ್ರಶ್ನೆ ಹುಟ್ಟಿಸಬೇಕು ಅಂತ ಹೇಳಿದೆ. ಕರೆಂಟ್ ವೋಲ್ಟೇಜಿಗಿಂತ ಹಿಂದೋ ಮುಂದೋ? ರೆಸೊನೆನ್ಸ್ ಆಗಬೇಕಾದರೆ ಫ್ರೀಕ್ವೆನ್ಸಿ ಏರಿಸಬೇಕೋ ಇಳಿಸಬೇಕೋ? ಆಗ ಕರೆಂಟ್ ಎಷ್ಟಾಗುತ್ತದೆ? ಪ್ರಶ್ನೆ ತೆಗೆಯುವವರ ಕುರ್ಚಿಯಲ್ಲಿ ಕೂತು ನೋಡುವ ಈ ಅಭ್ಯಾಸ ಅವಳಿಗೆ ಹಿಡಿಸಿತು. ಪ್ರಶ್ನೆ ಊಹಿಸುವ ಆಸೆಯನ್ನು ಇಂಥ ಕೆಲಸಕ್ಕೆ ತಿರುಗಿಸಿದರೆ ಅದು ನಿಜವಾದ ಓದಾಗುತ್ತದೆ. ಊಹೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಪರೀಕ್ಷೆ ಹತ್ತಿರ ಬಂದಾಗ ಅವಳ ಮೊಬೈಲಿಗೆ ‘ನಾಳೆಯ ಪೇಪರ್’ ಅನ್ನುವ ಮೆಸೇಜುಗಳೂ ಬಂದವು. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾಗಿ, ಮರುಪರೀಕ್ಷೆಯ ಪತ್ರಿಕೆಯೂ ಸೋರಿಕೆಯಾಗಿ, ಕೊನೆಗೆ ಏಪ್ರಿಲ್ 12ಕ್ಕೆ ಪರೀಕ್ಷೆ ನಡೆದದ್ದು ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಮರೆತಿಲ್ಲ. ಆ ನೆನಪಿನಿಂದಲೇ ಇಂಥ ಮೆಸೇಜಿಗೆ ಬೆಲೆ ಬರುತ್ತದೆ. ಹುಡುಗಿಗೆ ಹೇಳಿದ್ದು ಇಷ್ಟೇ: ಇದು ಸುಳ್ಳಾದರೆ ನಿನ್ನ ರಾತ್ರಿ ಹಾಳು, ನಿಜವಾದರೆ ಅಪರಾಧ. ಎರಡರಲ್ಲೂ ನಿನಗೆ ಕೆಲಸವಿಲ್ಲ, ಡಿಲೀಟ್ ಮಾಡಿ ಮಲಗು. ಮಾಡಿದಳು ಅಂತ ಅವರಪ್ಪ ಆಮೇಲೆ ಹೇಳಿದರು.

ಫಲಿತಾಂಶ ಬಂದಾಗ ಥಿಯರಿಗೆ 70ಕ್ಕೆ 52. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ಭಾಗವಾರು ನೋಡಿದೆವು. ಎ ಭಾಗದಲ್ಲಿ 16, ಬಿ ಭಾಗದಲ್ಲಿ 8, ಸಿ ಭಾಗದಲ್ಲಿ 10, ದೊಡ್ಡ ಪ್ರಶ್ನೆಗಳಲ್ಲಿ 12, ಪ್ರಾಬ್ಲಂನಲ್ಲಿ 6. ಏರಿದ 23 ಅಂಕದಲ್ಲಿ 7 ಬಂದದ್ದು ಎ ಭಾಗದಿಂದ, ಅಂದರೆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲದ ಕಡೆಯಿಂದ. ದೊಡ್ಡ ಪ್ರಶ್ನೆಗಳಿಂದ ಬಂದ 5 ಅಂಕಕ್ಕೆ ಪಟ್ಟಿಗೂ ಪಾಲು ಕೊಡಬಹುದು, ಅವಳು ಬರೆದ ಮೂರರಲ್ಲಿ ಎರಡು ಅದರಲ್ಲಿದ್ದವು. ಆದರೆ ಆ ಎರಡೂ ಯಾವ ವಿದ್ಯಾರ್ಥಿಯೂ ಬಿಡಬಾರದ ಡೆರಿವೇಷನ್‌ಗಳು. ಮೂರನೆಯದು ಪಟ್ಟಿಯಲ್ಲಿರಲಿಲ್ಲ. ಆಪ್ಟಿಕ್ಸ್ ಗುಂಪನ್ನು ಪೂರ್ತಿ ಓದಿದ್ದರಿಂದ ಅದು ಸಿಕ್ಕಿತು.

ಕಳೆದುಕೊಂಡದ್ದನ್ನೂ ನೋಡಬೇಕು. ಮ್ಯಾಗ್ನೆಟಿಸಂ ಅಂಡ್ ಮ್ಯಾಟರ್ ಅಧ್ಯಾಯವನ್ನು ಸಮಯ ಸಾಲದೆ ಅವಳು ಬರೀ ಕಣ್ಣಾಡಿಸಿದ್ದಳು. ಬಿ ಮತ್ತು ಸಿ ಭಾಗದಲ್ಲಿ ಅಲ್ಲಿಂದ ಬಂದ ಪ್ರಶ್ನೆಯನ್ನು ಚಾಯ್ಸ್‌ನಲ್ಲಿ ಬಿಟ್ಟಳು. ಅಲ್ಲಿ ಸಡಿಲ ಇತ್ತು, ನಷ್ಟವಾಗಲಿಲ್ಲ. ಎ ಭಾಗದಲ್ಲಿ ಬಿಡಲಾಗಲಿಲ್ಲ, ಡಯಾಮ್ಯಾಗ್ನೆಟಿಕ್, ಪ್ಯಾರಾಮ್ಯಾಗ್ನೆಟಿಕ್ ಎರಡನ್ನೂ ಅದಲುಬದಲು ಮಾಡಿದ್ದಳು. ಪ್ರಾಬ್ಲಂನಲ್ಲಿ ಹೋದ 4 ಅಂಕಕ್ಕೆ ಅಧ್ಯಾಯ ಕಾರಣವಲ್ಲ. ಎರಡರಲ್ಲೂ ಸೂತ್ರ ಸರಿ, ಅದರಲ್ಲಿ ಬೆಲೆಗಳನ್ನು ಹಾಕಿದ್ದೂ ಸರಿ. ಹತ್ತರ ಘಾತಗಳನ್ನು ಕೂಡಿಸಿ ಕಳೆಯುವಲ್ಲಿ ತಪ್ಪಿತ್ತು. ಮೈಕ್ರೋ, ನ್ಯಾನೋ ಬಂದ ಕಡೆಯೆಲ್ಲ ಅವಳ ಕೈ ನಡುಗುತ್ತದೆ. ಪ್ರತಿ ಹೆಜ್ಜೆಗೂ ಅಂಕ ಇರುವುದರಿಂದ 6 ಆದರೂ ಉಳಿಯಿತು. ಯಾವ ಪ್ರಶ್ನೆ ಬರುತ್ತದೆ ಅಂತ ಮೊದಲೇ ತಿಳಿದಿದ್ದರೂ ಈ 4 ಅಂಕ ಬರುತ್ತಿರಲಿಲ್ಲ.

2024ರಿಂದ ಪಿಯುವಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆದು, ಜಾಸ್ತಿ ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ಪರೀಕ್ಷೆ-2 ಬರೆಯಲಾ ಎಂದು ಅವಳು ಕೇಳಿದಳು. ಬರೆಯಬಹುದು, ಆದರೆ ಈ ಸಲ ಹೊಸ ಡೆರಿವೇಷನ್ ಬೇಡ, ಘಾತದ ಲೆಕ್ಕ ಮತ್ತು ಬಿಟ್ಟ ಆ ಅಧ್ಯಾಯ, ಎರಡೇ ಸಾಕು ಎಂದೆ. ಸಿಇಟಿಗೂ ಅವೇ ಬೇಕಾಗುತ್ತವೆ. ಅಲ್ಲಿ ಫಿಸಿಕ್ಸ್‌ನ 60 ಪ್ರಶ್ನೆಗೆ 80 ನಿಮಿಷ, ಪ್ರಥಮ ಪಿಯುವಿನ ಪಾಠವೂ ಸೇರುತ್ತದೆ, ಚಾಯ್ಸ್ ಅನ್ನುವುದೇ ಇಲ್ಲ. ಬೋರ್ಡ್ ಪರೀಕ್ಷೆ ಮುಗಿದ ಮಾರನೇ ದಿನವೇ ಅವಳು ಮ್ಯಾಗ್ನೆಟಿಸಂ ಅಂಡ್ ಮ್ಯಾಟರ್ ತೆಗೆದು ಶುರು ಮಾಡಿದ್ದಳು. ಹಾಗಾಗಿ ಪರೀಕ್ಷೆ-2ಕ್ಕೆ ಅರ್ಜಿ ಹಾಕುವ ಹೊತ್ತಿಗೆ ಉಳಿದದ್ದು ಘಾತದ ಲೆಕ್ಕದ ಅಭ್ಯಾಸ ಮಾತ್ರ.